ದುಭಾಷಿಯ ದಿನಚರಿ

"ಐದೂವರೆಗೆ ಪೊಲೀಸರು ಬರ್ತಾರೆ. ಅಷ್ಟರೊಳಗೆ ನಿಮ್ಮ ತಪಾಸಣೆ ಏನಿದೆಯೋ ಮುಗಿಸಿಬಿಡಿ, ಮೇಡಂ."

ಮ್ಯಾನೇಜರು ಕುರ್ಚಿ ಎಳೆದುಕೊಟ್ಟ. ನಗುತ್ತಲೇ ಕೊಟ್ಟ. ನೋಟೀಸು ಕೊಡುವಾಗಲೂ ಅದೇ ನಗು, ರಜೆ ಇಲ್ಲ ಅನ್ನುವಾಗಲೂ ಅದೇ ನಗು. ಕೆಲಸಗಾರರು ಅವನಿಗೆ ನಗುಮುಖ ಅಂತಲೇ ಹೆಸರಿಟ್ಟಿದ್ದರು.

ಬೆರಳಕ್ಕ ಕೂಡಲೇ ಕೂರಲಿಲ್ಲ. ನಾಲ್ಕು ಮಹಡಿ ಹತ್ತಿ ಬಂದಿದ್ದಳು. ಲಿಫ್ಟು ಇತ್ತು, ಆದರೆ ಅದಕ್ಕೆ ಸಿಬ್ಬಂದಿಯ ಕಾರ್ಡು ಉಜ್ಜಬೇಕಂತೆ. ಎಡಮಂಡಿ ಕುದಿಯುತ್ತಿತ್ತು. ಮೇಜಿಗೆ ಅಂಗೈ ಊರಿ, ಒಂದೊಂದೇ ಇಂಚು ಇಳಿದು, ಕೊನೆಗೆ ಕುರ್ಚಿಗೆ ಬಿದ್ದಳು.

ಪೊಲೀಸ್ ಇಲಾಖೆಯ ಬೆರಳುಮುದ್ರೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಭೂತಗನ್ನಡಿ ಹಿಡಿದವಳು ಅವಳು. ನಿವೃತ್ತಿಯಾಗಿ ಮೂರು ವರ್ಷ ಕಳೆದರೂ ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ. ಇನ್ನು ಯಾರ ಸುಳ್ಳನ್ನೂ ನೋಡಲಾರೆ, ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮೀನು ಹಿಡಿಯುವ ಆಟ ಆಡುತ್ತೇನೆ ಎಂದುಕೊಂಡಿದ್ದಳು. ಆದರೆ ಕಟಕಟೆಗೆ ಬಂದು ನಿಂತಿದ್ದು ಅವಳ ಜೊತೆಗೇ ಇರುವ ತಂಗಿಯ ಮಗಳು.

ಹುಡುಗಿ ಗಾಜಿನ ಕೋಣೆಯ ಮೂಲೆಯಲ್ಲಿ ನಿಂತಿದ್ದಳು. ಅವಳ ಮುಂದೆ ಟೈಪಾಗಿ ತಯಾರಿದ್ದ ಒಂದು ಕಾಗದ: ಬಿಡುಗಡೆಗೆ ಇನ್ನೂ ಎರಡು ತಿಂಗಳಿರುವ ಕಂಪ್ಯೂಟರ್ ಆಟವನ್ನು ಕದ್ದು ಇಂಟರ್ನೆಟ್ಟಿಗೆ ಬಿಟ್ಟವಳು ನಾನೇ, ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಸಹಿ ಹಾಕಿದರೆ ಮನೆಗೆ, ಹಾಕದಿದ್ದರೆ ಠಾಣೆಗೆ.

"ನೋಡೋಕೆ ಮುಂಚೆ ನಂದೊಂದು ಪದ್ಧತಿ ಇದೆ," ಎಂದಳು ಬೆರಳಕ್ಕ. ಚೀಲದಿಂದ ಗೆರೆ ಹಾಕಿದ ಎರಡು ಹಾಳೆ ತೆಗೆದಳು. ನಡುವೆ ಕಾರ್ಬನ್ ಕಾಗದ ಇಟ್ಟು ಅಂಚು ಸರಿಮಾಡಿದಳು. "ನಾನು ನೋಡಿದ್ದನ್ನೆಲ್ಲ ಬರೀತೀನಿ. ನಿಮಗೆ ಬೇಕಾಗಿದ್ದು, ನಮಗೆ ಬೇಕಾಗಿದ್ದು ಅಂತ ಆರಿಸಲ್ಲ. ಸಾಲಿಗೆ ನಂಬರು ಹಾಕ್ತೀನಿ. ಬರೆದದ್ದನ್ನ ಹೊಡೆದುಹಾಕೋ ಹಾಗಿಲ್ಲ. ಕೊನೆಗೆ ಇಬ್ಬರೂ ಸಹಿ. ಮೇಲಿನ ಪ್ರತಿ ನಿಮಗೆ, ಕೆಳಗಿಂದು ನಮಗೆ. ಒಪ್ಪಿಗೆನಾ?"

"ಕಾರ್ಬನ್ನಾ? ಇನ್ನೂ ಸಿಗುತ್ತಾ ಇದು?" ನಗುಮುಖ ಇನ್ನಷ್ಟು ನಕ್ಕ. "ಒಪ್ಪಿಗೆ, ಮೇಡಂ. ಮುಚ್ಚಿಡೋದು ನಮ್ಮಲ್ಲೇನೂ ಇಲ್ಲ."

"ಇಲ್ಲ ಅನ್ನೋರ ಮನೇಲೇ ಅಟ್ಟ ದೊಡ್ಡದಿರುತ್ತೆ," ಎಂದು ಗೊಣಗಿ ಅವಳು ಒಂದನೇ ಸಾಲು ಬರೆದಳು: ದಿನ, ಹೊತ್ತು, ಜಾಗ.

ಗಾಜಿನಾಚೆ ಉದ್ದನೆಯ ಹಾಲ್. ಅರವತ್ತಕ್ಕೂ ಮಿಕ್ಕಿದ ಮೇಜುಗಳು, ಪ್ರತಿ ಮೇಜಿಗೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಂದು ತಲೆ. ಯುದ್ಧ, ಓಟ, ರಾಕ್ಷಸರು, ಉರಿಯುವ ಊರುಗಳು ಎಲ್ಲ ಪರದೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದವು. ಹೊರಗಿನವರು ನೋಡಿದರೆ 'ಆಟ ಆಡೋಕೆ ಸಂಬಳ ಕೊಡ್ತಾರಾ!' ಎಂದು ಹುಬ್ಬೇರಿಸುತ್ತಾರೆ. ಒಂದೇ ಬಾಗಿಲನ್ನು ಒಂದೇ ಒದೆತದಲ್ಲಿ ದಿನಕ್ಕೆ ನಾನೂರು ಸಲ ಮುರಿಯುವುದು ಆಟವಲ್ಲ. ಅದು ಗಾಣದೆತ್ತಿನ ಕೆಲಸ, ಎತ್ತಿನ ಕಣ್ಣಿಗಾದರೂ ಬಟ್ಟೆ ಕಟ್ಟಿರುತ್ತಾರೆ.

ಇಲ್ಲಿನ ಕೆಲಸವೇನೆಂದು ತಂಗಿಯ ಮಗಳು ಹಿಂದೊಮ್ಮೆ ಊಟ ಮಾಡುತ್ತ ಹೇಳಿದ್ದಳು. "ಆಟ ಮಾತಾಡೋದು ವಿಂಡೋಸ್ ಭಾಷೆ, ದೊಡ್ಡಮ್ಮ. ಬೇರೆ ವ್ಯವಸ್ಥೆ ಇರೋ ಯಂತ್ರಕ್ಕೆ ಅದು ಬರಲ್ಲ. ನಡುವೆ ಒಂದು ತಂತ್ರಾಂಶ ಕೂತ್ಕೊಂಡು ಅದು ಹೇಳಿದ್ದನ್ನ ಇದಕ್ಕೆ, ಇದು ಹೇಳಿದ್ದನ್ನ ಅದಕ್ಕೆ ತಿಳಿಸುತ್ತೆ. ನಾವೆಲ್ಲ ಅದನ್ನ ದುಭಾಷಿ ಅಂತೀವಿ. ತಾನು ಪರರ ಮನೇಲಿದೀನಿ ಅಂತ ಆಟಕ್ಕೆ ಗೊತ್ತೇ ಆಗಬಾರದು. ಎಲ್ಲಿ ಗೊತ್ತಾಗಿ ಮುಗ್ಗರಿಸುತ್ತೋ ಅದನ್ನ ಹುಡುಕೋದು ನಾವು."

ದಿನಕ್ಕೆ ಹತ್ತು ಗಂಟೆ ಹುಡುಕಿ ಹುಡುಕಿ ಮೂವರಿಗೆ ಕಣ್ಣು ಮಂಜಾಯಿತು. ಆಗ ಈ ಹುಡುಗಿ ಅರ್ಜಿ ಬರೆದಳು: ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವ ಹಕ್ಕು ಬೇಕು. ಇಷ್ಟೇ. ಅರವತ್ತೊಂದು ಸಹಿ ಬಿದ್ದಿತ್ತು. ಅಂದಿನಿಂದ ಅವಳ ಹೆಸರೂ ಅರ್ಜಿ ಎಂದೇ ಆಯಿತು. ಸೋಮವಾರ ಬೆಳಿಗ್ಗೆ ಆ ಸಹಿಗಳ ಕಾಗದ ಮೇಲಿನವರ ಕೈ ಸೇರಿತು, ಸೋಮವಾರ ಸಂಜೆ ಕಳ್ಳತನ ಅವಳ ತಲೆಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ಬೆರಳಕ್ಕ ಬೇಕಾದಷ್ಟು ಕಂಡಿದ್ದಳು. ಬರೆ ಎಳೆಯುವುದಕ್ಕೆಂದೇ ಜ್ವರ ಕಾಯುತ್ತ ಕೂತವರು ಇವರು.

"ನಿಮ್ಮ ಸಾಕ್ಷಿ ತೋರಿಸಿ."

ನಗುಮುಖ ತನ್ನ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿದ. "ಇವಳ ಮೇಜಿನ ಯಂತ್ರದಿಂದ ತೆಗೆದದ್ದು. ಕದ್ದ ಆಟ ಓಡಿಸಿ, ಎಲ್ಲಿವರೆಗೆ ಆಡಿದೆ ಅಂತ ಉಳಿಸಿಟ್ಟಿರೋ ಕಡತ. ಇಲ್ಲಿ ನೋಡಿ, ಬಳಕೆದಾರರು ಅನ್ನೋ ಫೋಲ್ಡರು. ಅದರೊಳಗೆ ಇವಳ ಹೆಸರು, ಪೂರ್ತಿ ಹೆಸರು. ಅದರೊಳಗೆ ಆಟ. ಇನ್ನೇನು ಬೇಕು?"

ಬೆರಳಕ್ಕ ಕನ್ನಡಕ ಒರೆಸಿ ನೋಡಿದಳು. ಹೌದು, ಹೆಸರಿತ್ತು. ನಿಧಾನಕ್ಕೆ ಎರಡನೇ ಸಾಲು ಬರೆದಳು. ಕಾರ್ಬನ್ನಿನ ಕೆಳಗೂ ಅದು ಬಿತ್ತು.

"ಈಗ ನಿಮ್ಮ ಸ್ವಂತ ಕಡತ ತೋರಿಸಿ. ಇದೇ ಜಾಗ."

"ನಂದು ಯಾಕೆ?"

"ಬೆರಳುಮುದ್ರೆ ತಗೋವಾಗ ಮನೆಯವರದ್ದೂ ತಗೋತೀವಿ. ಕಳ್ಳಂದು ಯಾವುದು ಅಂತ ಗೊತ್ತಾಗ್ಬೇಕಲ್ಲ."

ಅವನು ತೋರಿಸಿದ. ಮ್ಯಾನೇಜರುಗಳಿಗೆ ಮಾತ್ರ ಅಸಲಿ ವಿಂಡೋಸ್ ಇದ್ದ ಯಂತ್ರಗಳು. ಅವನ ಬಳಕೆದಾರರ ಫೋಲ್ಡರಿನಲ್ಲಿ ಅವನ ಹೆಸರೇ ಇತ್ತು. ಅದು ಮೂರನೇ ಸಾಲು.

ಬೆರಳಕ್ಕ ಎದ್ದಳು. ಏಳುವುದಕ್ಕೇ ಅರ್ಧ ನಿಮಿಷ ಹಿಡಿಯಿತು. ಗಾಜಿನ ಬಾಗಿಲು ತಳ್ಳಿ ಮೊದಲ ಮೇಜಿಗೆ ಹೋದಳು.

ಅಲ್ಲಿ ಕೂತಿದ್ದವನು ಮೂವತ್ತು ವರ್ಷ ಲಾರಿ ಓಡಿಸಿ ಬೆನ್ನು ಹೋಗಿ ಇಲ್ಲಿ ಬಂದು ಸೇರಿದ್ದವನು. ಲಾರಿ ಓಡಿಸುವ ಆಟಗಳೆಲ್ಲ ಅವನ ಪಾಲಿಗೇ. ಹುಡುಗ ಹುಡುಗಿಯರಿಗೆಲ್ಲ ಅವನು ಡ್ರೈವರ್ ಮಾವ. ಅರ್ಜಿಗೆ ಮೊದಲ ಸಹಿ ಅವನದೇ. ಉಳಿದವರು ಹೆದರಿ ಪೆನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾಗ 'ಕೊಡ್ರೋ ಇಲ್ಲಿ, ಬ್ರೇಕ್ ಫೇಲಾದ ಗಾಡಿಗೆ ಇಳಿಜಾರಿನ ಭಯ ಏನು' ಎಂದು ಕಿತ್ತುಕೊಂಡು ಬರೆದಿದ್ದನಂತೆ.

"ಬನ್ನಿ ಅಕ್ಕಾ. ಮನೆ ಯಂತ್ರ ಹೆಂಗಿದೆ? ಮೀನು ಬೀಳ್ತಿದಾವಾ?"

"ಬೀಳ್ತಿದಾವಪ್ಪಾ. ನನಗಿಂತ ಮೀನಿಗೇ ಬೇಜಾರಾಗಿದೆ."

ಅವಳ ಮನೆಯ ಹಳೆಯ ಕಂಪ್ಯೂಟರನ್ನು ಕಟ್ಟಿಕೊಟ್ಟವನು ಅವನೇ. ತನ್ನ ಹತ್ತಿರ ಬಿದ್ದಿದ್ದ ಓರಿಯನ್ ಅನ್ನುವ, ಪರದೆಗೆ ಚಿತ್ರ ಮೂಡಿಸುವ ಹಳೆಯ ಚಿತ್ರದ ಕಾರ್ಡು ತಂದು, ಸ್ಕ್ರೂ ಸಿಗದೆ ನೈಲಾನ್ ದಾರದಲ್ಲಿ ಬಿಗಿದು ಹೋಗಿದ್ದ. ಒಳಗಿನ ಸಿದ್ಧತೆಯೆಲ್ಲ ತಂಗಿಯ ಮಗಳದು. ಮೀನಿನ ಆಟಕ್ಕೂ ದುಭಾಷಿ ಬೇಕಿತ್ತು. ಯಂತ್ರ ಬಳಕೆದಾರರ ಹೆಸರು ಕೇಳಿದಾಗ ಹುಡುಗಿ ಕಿಸಕ್ಕನೆ ನಕ್ಕು ಏನೋ ಟೈಪಿಸಿದ್ದಳು. ಅಂದಿನಿಂದ ಯಂತ್ರ ತೆರೆದಾಗಲೆಲ್ಲ 'ಸ್ವಾಗತ, ಮಂಡಿನೋವು' ಎಂದು ಅದು ಬೆರಳಕ್ಕನನ್ನು ಬರಮಾಡಿಕೊಳ್ಳುತ್ತಿತ್ತು.

"ನಿನ್ನ ಆಟ ಉಳಿಸಿಡೋ ಜಾಗ ತೋರಿಸು. ಅಲ್ಲಿ ಬಳಕೆದಾರರ ಹೆಸರು ಏನಿದೆ?"

ಡ್ರೈವರ್ ಮಾವ ತೆರೆದ. ಅಲ್ಲಿ 'ಪ್ಲೇಯರ್' ಅಂತಿತ್ತು.

"ಇವನದು?" ಪಕ್ಕದ ಮೇಜು. ಪ್ಲೇಯರ್. ಅದರ ಪಕ್ಕದ್ದು. ಪ್ಲೇಯರ್.

"ಎಲ್ಲಾರೂ ಪ್ಲೇಯರ್ರೇ ಅಕ್ಕಾ ಇಲ್ಲಿ," ಎಂದ ಡ್ರೈವರ್ ಮಾವ. "ದುಭಾಷಿ ಆಟಕ್ಕೊಂದು ಸುಳ್ಳು ವಿಂಡೋಸ್ ಮನೆ ಕಟ್ಟುತ್ತಲ್ಲ, ಅದರ ಬಾಗಿಲ ಮೇಲೆ ಬರೆಯೋ ಹೆಸರು ಇದೊಂದೇ. ಯಾರ ಯಂತ್ರ ಆದ್ರೂ ಸರಿ. ಡ್ರೈವರ್ ಅಂತ ಬರಿ ಮಾರಾಯ ಅಂದ್ರೂ ಬರಿಯಲ್ಲ ಅದು."

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ತಲೆಗಳು ಎದ್ದವು, ಮತ್ತೆ ಬಗ್ಗಿದವು. ಬೆರಳಕ್ಕ ನಿಂತಲ್ಲೇ, ಡ್ರೈವರ್ ಮಾವನ ಮೇಜಿನ ಅಂಚಿಗೆ ಹಾಳೆ ಒತ್ತಿ, ನಾಲ್ಕನೇ ಸಾಲು ಬರೆದಳು.

ಹಿಂದಿರುಗಿದಾಗ ನಗುಮುಖನ ನಗು ಮೂತಿಯ ಮೇಲೆ ಒಣಗಿ ಅಂಟಿಕೊಂಡಿತ್ತು.

"ಹೆಸರು ಬದಲಾಯಿಸಬಹುದಲ್ವಾ, ಮೇಡಂ? ಇವಳು ಜಾಣೆ."

"ಕದಿಯೋಳು ಎಲ್ಲರಿಗೂ ಇರೋ ಹೆಸರು ಅಳಿಸಿ, ತನ್ನ ಪೂರ್ತಿ ಹೆಸರು ಬರೆದಿಟ್ಟು ಕದೀತಾಳಾ? ಇಪ್ಪತ್ತಾರು ವರ್ಷ ಕಳ್ಳರ ಬೆರಳು ನೋಡಿದೀನಿ. ಹೋಗೋವಾಗ ಗೋಡೆ ಮೇಲೆ ಸಹಿ ಹಾಕಿ ಹೋದೋನನ್ನ ಒಬ್ಬನ್ನೂ ನೋಡಿಲ್ಲ." ಬೆರಳಕ್ಕನ ದನಿ ಏರಲಿಲ್ಲ. ಏರಿಸುವಷ್ಟು ಶಕ್ತಿ ಉಳಿದಿರಲಿಲ್ಲ. "ಈ ಕಡತ ಹುಟ್ಟಿದ್ದು ಅಸಲಿ ವಿಂಡೋಸ್ ಯಂತ್ರದಲ್ಲಿ. ಅಂಥದ್ದು ಈ ಮಹಡೀಲಿ ಎಷ್ಟಿವೆ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

"ಒಂದೇ. ಇವರ ಮೇಜಿನ ಮೇಲಿರೋದು," ಎಂದಳು ಮೂಲೆಯಲ್ಲಿದ್ದ ಅರ್ಜಿ. ಅಷ್ಟು ಹೊತ್ತಿನಲ್ಲಿ ಅವಳ ಮೊದಲ ಮಾತು ಅದು. "ನನ್ನ ಹೆಸರಲ್ಲಿ ಖಾತೆ ತೆರೆದು, ನೀವೇ ಕೂತು ಆಟ ಆಡಿದ್ರಾ ಸಾರ್? ಎಷ್ಟನೇ ಹಂತದವರೆಗೆ ಹೋದ್ರಿ?"

"ನಾಲಿಗೆ ಬಿಗಿಹಿಡಿ," ಎಂದ ನಗುಮುಖ.

"ನಾಲಿಗೆ ಇರ್ಲಿ ಬಿಡಿ. ಕಣ್ಣಂತೂ ನೀವೇ ತಗೊಂಡಿದೀರಿ."

'ಈ ಮಹಡಿಯಲ್ಲಿ ಅಸಲಿ ವಿಂಡೋಸ್ ಇರುವುದು ಮ್ಯಾನೇಜರ ಯಂತ್ರದಲ್ಲಿ ಮಾತ್ರ' ಎಂದು ಐದನೇ ಸಾಲು ಬರೆಯುವಾಗ ಬೆರಳಕ್ಕನಿಗೆ ಒಳಗೊಳಗೇ ಹೆಮ್ಮೆ ಎನಿಸಿತು. ಹುಡುಗಿಗೆ ತನ್ನ ತಂಗಿಯದೇ ಬಾಯಿ.

"ಸರಿ," ಎಂದ ನಗುಮುಖ. ಕಾಲರಿನೊಳಗೆ ಬೆರಳು ಹಾಕಿ ಸಡಿಲಿಸಿಕೊಂಡ. "ಈ ಕಡತ ಬೇಡ. ಆದರೆ ಆಟ ಹೊರಗೆ ಹೋಗಿದ್ದು ನಿಜ ತಾನೇ? ಅದು ತಾನಾಗೇ ಕಾಲು ಹಾಕ್ಕೊಂಡು ನಡೀತಾ?"

ಅದು ನ್ಯಾಯವಾದ ಪ್ರಶ್ನೆ. ಅವನ ಬಾಯಿಂದ ಬಂತು ಎನ್ನುವುದಷ್ಟೇ ಬೇಸರ.

"ಹಾಗಾದ್ರೆ ಹೊರಗೆ ಹೋದದ್ದನ್ನೇ ತೋರಿಸಿ. ಇಂಟರ್ನೆಟ್ಟಿನಲ್ಲಿ ಸಿಕ್ಕಿತಲ್ಲ, ಆ ಪ್ರತಿ. ಏನೂ ಮುಟ್ಟದೆ, ಹೇಗಿತ್ತೋ ಹಾಗೆ."

"ದೊಡ್ಡಮ್ಮ," ಅರ್ಜಿ ಮೆಲ್ಲಗೆ ಕರೆದಳು. "ಇಷ್ಟಕ್ಕೇ ಸಾಕಲ್ವಾ? ಅವರ ಸಾಕ್ಷಿ ಸುಳ್ಳು ಅಂತ ಆಯ್ತಲ್ಲ. ಮನೆಗೆ ಹೋಗೋಣ. ನಿನ್ನ ಕಾಲು ಊದಿದೆ ನೋಡು."

ಬೆರಳಕ್ಕ ತಲೆ ಎತ್ತಿದಳು. ಕಾಲು ಊದಿತ್ತು, ನಿಜ. ಆದರೆ ಹುಡುಗಿ ಕಾಲು ನೋಡುತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡ್ರೈವರ್ ಮಾವ ಕೆಮ್ಮಿದ. "ನಾನು ಬರ್ತೀನಿ ಅಕ್ಕಾ. ಲಾರಿ ನಡುರಸ್ತೇಲಿ ನಿಲ್ಲಿಸಿ ಬಂದಿದೀನಿ." ಅವನು ಹೋದ. ಗಾಜಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

"ತೋರಿಸಿ," ಎಂದಳು ಬೆರಳಕ್ಕ.

ಸಾವಿರಾರು ಕಡತಗಳು. ಹೆಸರುಗಳು ಸಾಲುಗಟ್ಟಿ ಇಳಿದವು. ಬೆರಳುಮುದ್ರೆ ನೋಡುವವರು ಇಡೀ ಬೆರಳು ನೋಡುವುದಿಲ್ಲ, ಗೆರೆ ಎಲ್ಲಿ ಕವಲೊಡೆಯಿತು, ಎಲ್ಲಿ ನಿಂತಿತು, ಅಷ್ಟೇ ನೋಡುತ್ತಾರೆ. ಅವಳ ಕಣ್ಣು ಹಾಗೆಯೇ ಇಳಿಯಿತು. ಇಳಿದು, ನಿಂತಿತು.

ಆಟದ ಮುಖ್ಯ ಕಡತದ ಪಕ್ಕದಲ್ಲೇ ಒಂದು ಪುಟ್ಟ ಬರಹದ ಕಡತ. ಇದನ್ನು ಅವಳು ಕಂಡಿದ್ದಳು. ಮನೆಯಲ್ಲಿ, ಮೀನಿನ ಆಟದ ಪಕ್ಕದಲ್ಲಿ. ಕಸ ಎಂದು ಅಳಿಸಲು ಹೋದಾಗ ತಂಗಿಯ ಮಗಳೇ ತಡೆದಿದ್ದಳು: 'ಅದು ದುಭಾಷಿಯ ದಿನಚರಿ, ದೊಡ್ಡಮ್ಮ. ಯಾವತ್ತು, ಎಲ್ಲಿ, ಯಾವ ಕಾರ್ಡಿನ ಮೇಲೆ ಕೆಲಸ ಮಾಡ್ದೆ ಅಂತ ಬರ್ಕೊಳುತ್ತೆ.'

"ಇದು ನಿಮ್ಮ ಹಾಲ್‌ನ ಯಂತ್ರಗಳಲ್ಲೂ ಆಟದ ಪಕ್ಕದಲ್ಲೇ ಇರುತ್ತಾ?"

ಉತ್ತರ ಅರ್ಜಿಯಿಂದ ಬಂತು, ತಡವಾಗಿ. "ಇಲ್ಲ. ಇಲ್ಲಿ ಎಲ್ಲರ ದಿನಚರಿನೂ ನೇರ ಸರ್ವರಿಗೆ ಹೋಗೋ ಹಾಗೆ ಮಾಡಿದಾರೆ. ಆಟದ ಪಕ್ಕ ಏನೂ ಬೀಳಲ್ಲ."

"ಅಂದ್ರೆ ಇಲ್ಲೇ ಕೆಲಸ ಮಾಡಿ ರೂಢಿ ಆದೋರಿಗೆ, ಬೇರೆ ಕಡೆ ಓಡಿಸಿದಾಗ ಅದು ಪಕ್ಕದಲ್ಲೇ ಬೀಳುತ್ತೆ ಅಂತ ಹೊಳೆಯಲ್ಲ."

"...ಹೊಳೆಯಲ್ಲ."

"ಫೋಲ್ಡರಿಗೆ ಫೋಲ್ಡರೇ ಕಟ್ಟಿ ಕಳಿಸಿಬಿಡ್ತಾರೆ. ದಿನಚರಿ ಸಮೇತ."

ನಗುಮುಖ ಮುಂದೆ ಬಾಗಿದ. ಅವನಿಗೆ ಇದೆಲ್ಲ ಹೊಸದು. ತಾನು ಯಾವ ಕೆಲಸವನ್ನು ಆಳುತ್ತಿದ್ದೇನೋ ಆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಮೇಲೆ, ಗೊತ್ತಿದ್ದವರು ಕಣ್ಣು ಕಳೆದುಕೊಂಡು ಕೆಳಗೆ. ಯಾವ ಆಫೀಸಿಗೆ ಹೋದರೂ ಬೆರಳಕ್ಕನಿಗೆ ಇದೇ ಏಣಿ ಕಾಣುತ್ತಿತ್ತು.

ಅವಳು ದಿನಚರಿ ತೆರೆದಳು.

ಕಳೆದ ಶನಿವಾರ. ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ.

ಚಿತ್ರದ ಕಾರ್ಡು: ಓರಿಯನ್.

ಬೆರಳಕ್ಕನ ಕೈ ಮೌಸಿನ ಮೇಲೆ ನಿಂತಿತು. ಲೋಕದಲ್ಲಿ ಓರಿಯನ್ ಕಾರ್ಡು ಒಂದೇ ಇದೆಯೇ? ಸಾವಿರ ಇರುತ್ತವೆ. ಇನ್ನೊಂದು ಸಾಲು ಕೆಳಗಿಳಿಸಿದಳು. ಆಟ ಯಾವ ಯಂತ್ರದಲ್ಲಿ, ಯಾರ ಮನೆಯಂಗಳದಲ್ಲಿ ಕೂತು ಓಡಿತು ಎಂಬ ದಾರಿ ಅಲ್ಲಿತ್ತು. ಸುಳ್ಳು ಮನೆಯ ಬಾಗಿಲಿಗೆ ದುಭಾಷಿ ಪ್ಲೇಯರ್ ಎಂದು ಬರೆದಿತ್ತು. ಆದರೆ ಆ ಸುಳ್ಳು ಮನೆ ನಿಂತಿದ್ದ ನಿಜವಾದ ನೆಲದ ಒಡೆಯರ ಹೆಸರನ್ನು ತನ್ನ ದಿನಚರಿಯಲ್ಲಿ ಪ್ರಾಮಾಣಿಕವಾಗಿ ಬರೆದುಕೊಂಡಿತ್ತು.

ಮಂಡಿನೋವು.

ಶನಿವಾರ ಮೂರರಿಂದ ಐದು ಅವಳು ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗುತ್ತಾಳೆ. ಪ್ರತಿ ಶನಿವಾರ. ಆ ಹೊತ್ತಿನಲ್ಲಿ ಮನೆಯ ಬೀಗ ತೆಗೆಯುವ ಇನ್ನೊಂದು ಕೀಲಿ ಒಬ್ಬಳ ಹತ್ತಿರ ಮಾತ್ರ ಇತ್ತು.

ಅವಳು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

"ಮಂಡಿನೋವಾ?" ನಗುಮುಖ ಅವಳ ಹೆಗಲ ಮೇಲಿಂದ ಓದಿದ. "ಯಾರೋ ತಮಾಷೆಗೆ ಇಟ್ಕೊಂಡಿರೋ ಹೆಸರು. ಇದರಿಂದ ಏನೂ ಗೊತ್ತಾಗಲ್ಲ." ಆಮೇಲೆ ದನಿ ತಗ್ಗಿಸಿದ. ಅವನ ಕಣ್ಣು ಹಾಳೆಯ ಐದನೇ ಸಾಲಿನ ಮೇಲಿತ್ತು. "ಮೇಡಂ, ಒಂದು ಮಾತು. ಇಬ್ಬರಿಗೂ ಸುಸ್ತಾಗಿದೆ. ಇದನ್ನ ಬಿಟ್ಟುಬಿಡಿ. ಐದಕ್ಕೇ ನಿಲ್ಲಿಸಿ. ನಾನು ದೂರು ವಾಪಸ್ ತಗೋತೀನಿ, ನೀವು ಆ ಹಾಳೆ ಹರಿದುಹಾಕಿ. ಮಗು ಮನೆಗೆ ಹೋಗ್ಲಿ."

ಸುಸ್ತಾಗಿದೆ. ಅದೊಂದು ಮಾತು ನಿಜ.

ಐದಕ್ಕೆ ನಿಲ್ಲಿಸುವುದು ಎಷ್ಟು ಸುಲಭ. ಮಂಡಿನೋವು ಯಾರೆಂದು ಈ ಕೋಣೆಯಲ್ಲಿ ಗೊತ್ತಿರುವುದು ಇಬ್ಬರಿಗೆ. ಒಬ್ಬಳು ಹೆತ್ತ ಮಗಳಿಗಿಂತ ಹೆಚ್ಚು. ಇನ್ನೊಬ್ಬಳು ತಾನು.

ಸೇವೆಯ ಒಂಬತ್ತನೇ ವರ್ಷದಲ್ಲಿ ಸಾಹೇಬರ ಮಾತಿಗೆ ಒಂದೇ ಒಂದು ಸಾಲು ನುಂಗಿದ್ದಳು. ಕಿಟಕಿಯ ಮೇಲೆ ಇನ್ನೊಬ್ಬನ ಬೆರಳೂ ಇತ್ತು ಎನ್ನುವ ಸಾಲು. ಆ ಸಾಲಿಲ್ಲದ ವರದಿಯಿಂದ ಒಬ್ಬ ಹಮಾಲಿ ನಾಲ್ಕು ವರ್ಷ ಒಳಗಿದ್ದ. ಅಂದಿನಿಂದ ಕಾರ್ಬನ್, ಅಂದಿನಿಂದ ನಂಬರು, ಅಂದಿನಿಂದ ಈ ಸುಸ್ತು. ಹಾಳೆ ಹರಿದರೆ ಹುಡುಗಿ ಉಳಿಯುತ್ತಾಳೆ. ಇವನ ಸುಳ್ಳೂ ಉಳಿಯುತ್ತದೆ, ನಾಳೆ ಅರವತ್ತು ಜನರಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಖಾತೆ ತೆರೆಯುತ್ತದೆ.

ಬೆರಳಕ್ಕ ಪೆನ್ನು ಎತ್ತಿಕೊಂಡಳು.

ಆರು: ಹೊರಗೆ ಹೋದ ಪ್ರತಿಯಲ್ಲಿ ದುಭಾಷಿಯ ದಿನಚರಿ ಇದೆ. ಶನಿವಾರ, ನಾಲ್ಕು ಗಂಟೆ ಹತ್ತು ನಿಮಿಷ. ಕಾರ್ಡು ಓರಿಯನ್. ಬಳಕೆದಾರರ ಹೆಸರು ಮಂಡಿನೋವು.

ಏಳು: ಆ ಹೆಸರಿನ ಯಂತ್ರ ನನ್ನ ಮನೆಯಲ್ಲಿದೆ.

ಕಾರ್ಬನ್ನಿನ ಕೆಳಗೂ ಬೀಳಲೆಂದು ಒತ್ತಿ ಬರೆದಳು. ಸಹಿ ಹಾಕಿದಳು. ಹಾಳೆಯನ್ನು ನಗುಮುಖನ ಕಡೆಗೆ ತಳ್ಳಿದಳು.

ಅವನು ಓದಿದ. ಆ ಆಫೀಸಿನಲ್ಲಿ ಯಾರೂ ಕಾಣದ್ದನ್ನು ಬೆರಳಕ್ಕ ಕಂಡಳು: ನಗುವಿಲ್ಲದ ಅವನ ಮುಖ. ಅರ್ಜಿ ಬರೆದಳೆಂದೇ ಒಬ್ಬಳನ್ನು ಆರಿಸಿ ಸುಳ್ಳು ಹೊಸೆದಿದ್ದವನು, ನಿಜ ಅಷ್ಟು ಹತ್ತಿರ ಬಂದು ನಿಂತದ್ದು ನೋಡಿ ಬೆಪ್ಪಾಗಿದ್ದ.

ಈಗ ಅವಳು ತಿರುಗಿದಳು. ಅರ್ಜಿ ಗೋಡೆಗೆ ಒರಗಿದ್ದಳು.

"ಶನಿವಾರ ನಾಲ್ಕು ಗಂಟೆಗೆ ನೀನು ಮನೇಲಿದ್ಯಾ?"

"ಇಲ್ಲ ದೊಡ್ಡಮ್ಮ. ಸಹಿ ಹಾಕಿಸ್ಕೊಳ್ಳೋಕೆ ಹೋಗಿದ್ದೆ. ಮನೆ ಮನೆ ತಿರುಗ್ತಿದ್ದೆ, ಬೇಕಾದ್ರೆ ಕೇಳು ಅವರನ್ನ."

"ಕೀಲಿ?"

ಹುಡುಗಿ ಗೋಡೆ ಬಿಟ್ಟು ಮುಂದೆ ಬಂದಳು. ಇಷ್ಟು ಹೊತ್ತೂ ಅವಳು ಯಾರನ್ನು ಕಾಪಾಡಲು 'ಮನೆಗೆ ಹೋಗೋಣ' ಎಂದಿದ್ದಳೋ, ಆ ಹೆಸರು ಈಗ ನಾಲಿಗೆಯ ತುದಿಯಲ್ಲಿ ನಿಂತಿತ್ತು.

"ಯಂತ್ರ ಬಿಸಿಯಾಗ್ತಿದೆ, ಫ್ಯಾನ್ ಬದಲಾಯಿಸಿ ಇಡ್ತೀನಿ ಅಂದ್ರು. ದೊಡ್ಡಮ್ಮಂಗೆ ಹೇಳ್ಬೇಡ, ಬಂದು ನೋಡಿ ಖುಷಿ ಪಡ್ಲಿ ಅಂದ್ರು. ನಾನೇ ಕೊಟ್ಟೆ. ಇವತ್ತಿನವರೆಗೂ ನಂಗೆ ಅನುಮಾನ ಇರ್ಲಿಲ್ಲ, ದೊಡ್ಡಮ್ಮ. ಆ ಪ್ರತಿ ತೋರಿಸಿ ಅಂದ್ಯಲ್ಲ, ಆಗ ಅವರ ಮುಖ ನೋಡ್ದೆ..."

ಇಬ್ಬರೂ ಒಟ್ಟಿಗೇ ಗಾಜಿನಾಚೆ ನೋಡಿದರು.

ಮೊದಲ ಮೇಜಿನ ಕುರ್ಚಿ ಖಾಲಿಯಾಗಿ ಇನ್ನೂ ಸಣ್ಣಗೆ ತಿರುಗುತ್ತಿತ್ತು. ಹೆಡ್‌ಫೋನ್ ತಂತಿಗೆ ಜೋತುಬಿದ್ದು ಓಲಾಡುತ್ತಿತ್ತು. ಪರದೆಯ ಮೇಲೆ ಚಾಲಕನಿಲ್ಲದ ಲಾರಿಯೊಂದು ಗೋಡೆಗೆ ಮೂತಿ ಒತ್ತಿಕೊಂಡು ನಿಂತಿತ್ತು, ಅದರ ಚಕ್ರಗಳು ಒಂದೇ ಸಮನೆ ಸುತ್ತುತ್ತಲೇ ಇದ್ದವು.